ಸೊಂಟದ ಕೀಲು ಹಾಕ್ಸಿ 22 ವರ್ಷ, ನೋವಿಲ್ಲ. ಒಳಗೆ ಅದು ಸವೀತಿರತ್ತಾ? ತಮ್ಮನಿಗೆ ಯಾವ ಮೆಟೀರಿಯಲ್ ಹಾಕ್ಸೋದು?

ಬೆಣ್ಣೆನಗರಿ
ಎಲ್ರಿಗೂ ನಮಸ್ಕಾರ. ಎರಡು ವಿಷಯ ಒಟ್ಟಿಗೆ ಕೇಳ್ತಿದೀನಿ, ಸ್ವಲ್ಪ ಉದ್ದ ಆಗತ್ತೆ, ಬೇಜಾರಾಗ್ಬೇಡಿ. ನಮ್ಮ ಅಪ್ಪಾಜಿಗೆ 2003ರಲ್ಲಿ ಬಲಗಡೆ ಸೊಂಟದ ಕೀಲು ಬದಲಾಯಿಸಿದ್ರು. ಆಗ ಅವರಿಗೆ 52, ಈಗ 74. ಮೊದಲೆರಡು ವರ್ಷ ಚೆಕಪ್‌ಗೆ ಹೋಗಿದ್ವಿ, ಆಮೇಲೆ ನೋವೇ ಇಲ್ವಲ್ಲ, ಯಾಕೆ ಸುಮ್ನೆ ಅಂತ ಬಿಟ್ಬಿಟ್ವಿ. ಅವರು ಈಗ್ಲೂ ಬೆಳಗ್ಗೆ ಎದ್ದು ಮೂರು ಕಿಲೋಮೀಟರ್ ನಡೀತಾರೆ, ಮಾರ್ಕೆಟ್‌ಗೆ ಹೋಗಿ ತರಕಾರಿ ತರ್ತಾರೆ.

ಈಗ ತಮ್ಮನಿಗೂ ಅದೇ ಕಥೆ. ವಯಸ್ಸು 39. ಎವಿಎನ್ ಅಂತೆ, ತೊಡೆ ಮೂಳೆಯ ತಲೆಗೆ ರಕ್ತ ಹೋಗೋದು ನಿಂತು ಮೂಳೆ ಕುಸಿದಿದೆ. ಕೀಲು ಬದಲಿಸ್ಲೇಬೇಕು ಅಂದಿದಾರೆ. ಡಾಕ್ಟ್ರು ಮೂರು ಆಯ್ಕೆ ಬರೆದು ಕೊಟ್ರು: ಲೋಹದ ಗುಂಡು ಮತ್ತೆ ಪ್ಲಾಸ್ಟಿಕ್ ಲೈನರ್ (ಗುಂಡು ಕೂರೋ ಕಪ್ಪಿನ ಒಳಪದರ), ಸೆರಾಮಿಕ್ ಗುಂಡು ಮತ್ತೆ ಪ್ಲಾಸ್ಟಿಕ್ ಲೈನರ್, ಎರಡೂ ಸೆರಾಮಿಕ್. ಮೊದಲನೇದಕ್ಕೂ ಕೊನೇದಕ್ಕೂ 80 ಸಾವಿರ ವ್ಯತ್ಯಾಸ. ನೆಂಟರು ಒಬ್ರು ಸೆರಾಮಿಕ್ ಹಾಕ್ಸಿ, ಜೀವಮಾನಕ್ಕೆ ಮತ್ತೆ ನೋಡೋ ಹಾಗಿಲ್ಲ ಅಂತಾರೆ. ಪ್ಲಾಸ್ಟಿಕ್ ಅನ್ನೋ ಪದ ಕೇಳಿ ಅಮ್ಮ ಗಾಬರಿಯಾಗಿದಾರೆ. ಗೊತ್ತಿರೋರು ಹೇಳಿ ಪ್ಲೀಸ್.

ಚಿಕ್ಕಪೇಟೆ ವ್ಯಾಪಾರಿ
ದುಡ್ಡು ಇದ್ರೆ ಎರಡೂ ಸೆರಾಮಿಕ್. ಯೋಚ್ನೆ ಮಾಡೋದೇ ಬೇಡ. 39 ವಯಸ್ಸಿಗೆ ಪ್ಲಾಸ್ಟಿಕ್ ಯಾರಾದ್ರೂ ಹಾಕ್ಸ್ತಾರಾ?

ಸುರತ್ಕಲ್ ಮೆಕ್
ಹಾಕ್ಸ್ತಾರೆ ಸರ್, ಇಡೀ ಜಗತ್ತಲ್ಲಿ ಹೆಚ್ಚು ಹಾಕ್ಸೋದೇ ಅದು. ಈ ಪ್ಲಾಸ್ಟಿಕ್ ಅಂದ್ರೆ ಬಕೆಟ್ ಪ್ಲಾಸ್ಟಿಕ್ ಅಲ್ಲ.

ನಾನು ಡಾಕ್ಟರಲ್ಲ, ಬೇರಿಂಗ್ ಸವೆತದ ಮೇಲೆ ಎಂಟೆಕ್ ಮಾಡಿದವನು. ಗೊತ್ತಿರೋದನ್ನ ಹೇಳ್ತೀನಿ. ಕೃತಕ ಕೀಲಲ್ಲಿ ತೊಡೆ ಮೂಳೆ ಒಳಗೆ ಇಳಿಯೋ ಒಂದು ರಾಡ್, ಅದರ ಕುತ್ತಿಗೆ ಮೇಲೆ ಕೂರೋ ಗುಂಡು, ಸೊಂಟದ ಮೂಳೆಗೆ ಕಚ್ಚಿಕೊಂಡಿರೋ ಲೋಹದ ಕಪ್, ಆ ಕಪ್ ಒಳಗೆ ಲೈನರ್. ಸವೆಯೋದು ಮುಖ್ಯವಾಗಿ ಗುಂಡು ಲೈನರ್ ಉಜ್ಜೋ ಜಾಗದಲ್ಲಿ. ಹಳೇ ಪಾಲಿಎಥಿಲೀನ್ ಲೈನರ್ ವರ್ಷಕ್ಕೆ ಸುಮಾರು 0.1 ಮಿಲಿಮೀಟರ್ ಸವೀತಿತ್ತು. ಕೇಳೋಕೆ ಏನೂ ಅಲ್ಲ, ಕೂದಲಷ್ಟು. ಆದ್ರೆ ಲೆಕ್ಕ ಹಾಕಿ ನೋಡಿ: 28 ಮಿ.ಮೀ. ಗುಂಡು 0.1 ಮಿ.ಮೀ. ಒಳಗೆ ತೂರಿದ್ರೆ ಹೆಚ್ಚುಕಮ್ಮಿ 60 ಘನ ಮಿಲಿಮೀಟರ್ ಪುಡಿ. ಒಂದು ವರ್ಷಕ್ಕೆ! 20 ವರ್ಷಕ್ಕೆ ಒಂದು ಸಿಸಿ ದಾಟತ್ತೆ. ಅದೂ ಬಹುಪಾಲು ಒಂದು ಮೈಕ್ರಾನ್‌ಗಿಂತ ಸಣ್ಣ ಕಣಗಳು, ಕೋಟಿಕೋಟಿ ಲೆಕ್ಕದಲ್ಲಿ. ಅದೆಲ್ಲ ಹೊರಗೆ ಬರಲ್ಲ, ಕೀಲಿನ ಸುತ್ತಾನೇ ಉಳಿಯತ್ತೆ.

ನೀವು ಹೇಳಿದ್ರಲ್ಲಿ ನನಗೆ ತಮ್ಮನ ವಿಷಯಕ್ಕಿಂತ ಅಪ್ಪಾಜಿದೇ ಚಿಂತೆ ಆಗ್ತಿದೆ.

ಬೆಣ್ಣೆನಗರಿ
ಅವರಿಗೆ ಒಂಚೂರೂ ನೋವಿಲ್ಲ ಸರ್, ನಿಜ ಹೇಳ್ತೀನಿ. ಅವರದ್ದು ಸುಮ್ನೆ ಕುತೂಹಲಕ್ಕೆ ಕೇಳಿದ್ದು.

ರಾಣೆಬೆನ್ನೂರ ಗೌಡ್ರು
ಮೆಕ್ ಅವರ ಹೇಳಿದ್ದು ನನಗ ಛಲೋ ತಿಳೀತ್ರಿ. ಚಕ್ಕಡಿ ಗಾಲಿ ಬಿಚ್ಚಿದಾಗ ಅಚ್ಚಿನ ಸುತ್ತ ಕರ್ರಗ ಮಡ್ಡಿ ಕುಂತಿರ್ತೈತಲ್ಲ, ಅದು ಬರೇ ಕೀಲೆಣ್ಣಿ ಅಲ್ಲ, ಕಬ್ಬಿಣ ಸವದ ಪುಡಿನೂ ಅದರಾಗ ಇರ್ತೈತಿ. ಗಾಲಿ ತಿರಗತಿರತೈತಿ, ಎತ್ತಿಗೇನೂ ಗೊತ್ತಾಗಂಗಿಲ್ಲ, ಒಂದಿನ ಗಾಲಿ ವಾಲಿದಾಗನ ಗೊತ್ತಾಗೋದು. ನಮ್ಮಪ್ಪ ಸುಗ್ಗಿ ಮುಗದ ಕೂಡಲೇ ಗಾಲಿ ಬಿಚ್ಚಿ ನೋಡೇ ನೋಡ್ತಿದ್ದ.

ಸುರತ್ಕಲ್ ಮೆಕ್
ಗೌಡ್ರೆ, ಇದಕ್ಕಿಂತ ಸರಿಯಾಗಿ ನಾನು ಹೇಳೋಕಾಗಲ್ಲ. ಒಂದೇ ವ್ಯತ್ಯಾಸ, ಗಾಡಿ ಮಡ್ಡಿನ ಬಟ್ಟೇಲಿ ಒರೆಸಬಹುದು.

ಮೂಳೆ ವಾರ್ಡು
ನಾನು ಹುಬ್ಬಳ್ಳಿಲಿ ಆರ್ಥೋ. ಎಕ್ಸ್‌ರೇ ನೋಡ್ದೆ ಯಾರಿಗೂ ಸಲಹೆ ಕೊಡಲ್ಲ, ಇದು ಸಾಮಾನ್ಯ ಮಾಹಿತಿ ಅಂತ ಓದಿ.

ದೇಹದಲ್ಲಿ ಒರೆಸೋ ಬಟ್ಟೆ ಇಲ್ಲ, ಅದರ ಬದಲು ಕಾವಲು ಜೀವಕೋಶಗಳಿವೆ. ಮ್ಯಾಕ್ರೊಫೇಜ್ ಅಂತೀವಿ. ಪಾಲಿ, ಅಂದ್ರೆ ಈ ಪಾಲಿಎಥಿಲೀನ್ ಪ್ಲಾಸ್ಟಿಕ್, ಅದರ ಪುಡಿಯನ್ನ ರೋಗಾಣು ಅಂದ್ಕೊಂಡು ನುಂಗ್ತಾವೆ. ಜೀರ್ಣ ಆಗಲ್ಲ. ಆಗ ಅವು ಬಿಡೋ ರಾಸಾಯನಿಕಗಳು ಮೂಳೆ ಕರಗಿಸೋ ಜೀವಕೋಶಗಳನ್ನ ಎಬ್ಬಿಸ್ತಾವೆ. ಹೀಗೆ ಕಪ್ ಹಿಂದಿನ ಮೂಳೆ, ಕೆಲವು ಸಲ ರಾಡ್ ಸುತ್ತಲಿನ ಮೂಳೆ ಗೆದ್ದಲು ತಿಂದ ಮರದ ಹಾಗೆ ಪೊಳ್ಳಾಗತ್ತೆ. ಆಸ್ಟಿಯೊಲೈಸಿಸ್ ಅಂತ ಹೆಸರು. ಕಪ್ ಅಲ್ಲಾಡೋವರೆಗೆ ಅಥವಾ ಮೂಳೆ ಮುರಿಯೋವರೆಗೆ ನೋವು ಬರದೇ ಇರಬಹುದು. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ನನ್ನ ಹತ್ರ ಬರೋ ಹಳೇ ಕೀಲಿನ ಪೇಷಂಟ್‌ಗಳು ಹೇಳೋ ಮೊದಲ ಮಾತೇ "ನೋವಿರ್ಲಿಲ್ಲ ಡಾಕ್ಟ್ರೆ, ಅದಕ್ಕೇ ಬರ್ಲಿಲ್ಲ".

22 ವರ್ಷ ಆಗಿದೆ, 20 ವರ್ಷದಿಂದ ಎಕ್ಸ್‌ರೇ ಇಲ್ಲ ಅಂದ್ರೆ ಈ ವಾರವೇ ಒಂದು ತೆಗೆಸಿ. ಎರಡೂ ಸೊಂಟ ಬರೋ ಹಾಗೆ ಪೆಲ್ವಿಸ್ ಎಕ್ಸ್‌ರೇ. ಹಳೇ ಎಕ್ಸ್‌ರೇ ಇದ್ರೆ ಜೊತೆಗೆ ತಗೊಂಡು ಹೋಗಿ, ಪಕ್ಕಪಕ್ಕ ಇಟ್ಟು ನೋಡಿದ್ರೆ ಗುಂಡು ಕಪ್ ಮಧ್ಯದಲ್ಲಿದೆಯೋ ಮೇಲಕ್ಕೆ ಸರಿದಿದೆಯೋ ಗೊತ್ತಾಗತ್ತೆ.

ಚಿಕ್ಕಪೇಟೆ ವ್ಯಾಪಾರಿ
ನೋಡಿದ್ರಾ, ಅದಕ್ಕೇ ನಾನು ಹೇಳಿದ್ದು ಪ್ಲಾಸ್ಟಿಕ್ ಬೇಡ ಅಂತ.

ಲೀಡ್ಸ್ ಲಕ್ಷ್ಮಿ
ನಿಲ್ಲಿ ನಿಲ್ಲಿ, 2003ರ ಪ್ಲಾಸ್ಟಿಕ್ಕೇ ಬೇರೆ, ಈಗಿನದೇ ಬೇರೆ. ನಾನಿಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆಪರೇಷನ್ ಥಿಯೇಟರ್ ನರ್ಸ್, ಮೂಲ ಚನ್ನರಾಯಪಟ್ಟಣ. ಇಲ್ಲಿನ ಯೂನಿವರ್ಸಿಟಿ ಕೃತಕ ಕೀಲುಗಳ ಸವೆತದ ಸಂಶೋಧನೆಗೆ ಹೆಸರುವಾಸಿ. ಸಿಮ್ಯುಲೇಟರ್ ಅನ್ನೋ ಮಷೀನು, ಕೀಲನ್ನ ಕೂರಿಸಿ ಮನುಷ್ಯ ನಡೆಯೋ ಹಾಗೇ ಭಾರ ಹಾಕಿ ಹಿಂದೆಮುಂದೆ ಆಡಿಸ್ತಾ ಇರತ್ತೆ. ಕೀಲಿನ ನೀರಿನ ಬದಲಿಗೆ ಕರುವಿನ ಸೀರಮ್ ಹಾಕ್ತಾರೆ. 10 ಲಕ್ಷ ಸುತ್ತು ಅಂದ್ರೆ ಸುಮಾರು ಒಂದು ವರ್ಷದ ನಡಿಗೆ ಅಂತ ಲೆಕ್ಕ. ಆಗಾಗ ನಿಲ್ಲಿಸಿ ಲೈನರ್ ತೂಕ ಹಾಕಿ, ಎಷ್ಟು ಕಮ್ಮಿ ಆಯ್ತು ಅಂತ ಮಿಲಿಗ್ರಾಮಲ್ಲಿ ಬರ್ಕೊಳ್ತಾರೆ.

ಮೊದಲು ಈ ಲೈನರ್‌ಗಳನ್ನ ಗಾಳಿಲೇ ಗಾಮಾ ಕಿರಣ ಹಾಯಿಸಿ ಶುದ್ಧ ಮಾಡ್ತಿದ್ರು. ಅದರಿಂದ ಪ್ಲಾಸ್ಟಿಕ್ ಒಳಗೆ ಇನ್ನೊಂದಕ್ಕೆ ಅಂಟೋಕೆ ಕಾಯ್ತಿರೋ ಅಣು ಚೂರು, ಅಂದ್ರೆ ಫ್ರೀ ರ‍್ಯಾಡಿಕಲ್ ಉಳ್ಕೊಂಡು, ಪೆಟ್ಟಿಗೇಲಿ ಇಟ್ಟಿದ್ರೂ ಆಮ್ಲಜನಕ ಸೇರಿ ಹಳದಿ ತಿರುಗಿ ಪೆಡಸಾಗ್ತಿತ್ತು. 1990ರ ದಶಕದ ಮಧ್ಯದಲ್ಲಿ ಗಾಳಿ ತೆಗೆದು ಪ್ಯಾಕ್ ಮಾಡೋಕೆ ಶುರು ಮಾಡಿದ್ರು. ದಶಕದ ಕೊನೇಲಿ ಇನ್ನೂ ಹೆಚ್ಚು ಕಿರಣ ಕೊಟ್ಟು ಅಣುಗಳ ಎಳೆಗಳನ್ನ ಒಂದಕ್ಕೊಂದು ಹೆಣೆದು, ಆಮೇಲೆ ಕಾಯಿಸಿ ಉಳಿದ ಫ್ರೀ ರ‍್ಯಾಡಿಕಲ್ ತೆಗೆಯೋ ಹೈಲಿ ಕ್ರಾಸ್‌ಲಿಂಕ್ಡ್ ಪಾಲಿ ಬಂತು. ಅದರ ಸವೆತ ವರ್ಷಕ್ಕೆ 0.05 ಮಿ.ಮೀ.ಗಿಂತ ಕಮ್ಮಿ, ಆ ಮಟ್ಟಕ್ಕಿಂತ ಕೆಳಗಿದ್ರೆ ಮೂಳೆ ಕರಗೋದು ಅಪರೂಪ. ಈಚೆಗೆ ವಿಟಮಿನ್ ಇ ಸೇರಿಸಿದ್ದೂ ಇದೆ. ಅಮ್ಮನಿಗೆ ಹೇಳಿ, ಗಾಬರಿ ಬೇಡ.

ಬೆಣ್ಣೆನಗರಿ
ಅಪ್ಪಾಜಿದು ಹಳೇದಾ ಹೊಸದಾ ಅಂತ ಹೇಗೆ ಗೊತ್ತಾಗತ್ತೆ ಮೇಡಂ?

ಲೀಡ್ಸ್ ಲಕ್ಷ್ಮಿ
2003ರಲ್ಲಿ ಎರಡೂ ಮಾರಾಟದಲ್ಲಿತ್ತು. ಆಪರೇಷನ್ ಫೈಲಲ್ಲಿ ಸ್ಟಿಕ್ಕರ್ ಅಂಟಿಸಿರ್ತಾರೆ, ಗುಂಡಿಗೊಂದು ಲೈನರ್‌ಗೊಂದು ಕಪ್‌ಗೊಂದು ರಾಡ್‌ಗೊಂದು. ಕಂಪನಿ, ಸೈಜು, ಲಾಟ್ ನಂಬರ್ ಎಲ್ಲ ಅದರಲ್ಲಿ ಇರತ್ತೆ. ಹುಡುಕಿ. ಅದು ಬಂಗಾರದ ಹಾಗೆ ಇಟ್ಕೋಬೇಕಾದ ಕಾಗದ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಶಿರಸಿ ತೋಟ
ನನಗೆ 61. ಎಡಗಡೆ ಕೀಲು ಬದಲಿಸಿ 9 ವರ್ಷ. ಅಡಿಕೆ ತೋಟದಲ್ಲಿ ದಿನಾ ಓಡಾಟ, ಗುಡ್ಡ ಹತ್ತೋದು ಇಳಿಯೋದು ಇದ್ದಿದ್ದೇ. ಇಲ್ಲಿ ಓದಿದ ಮೇಲೆ ಹೆದರಿಕೆ ಆಯ್ತು. 10 ಲಕ್ಷ ಸುತ್ತು ಒಂದು ವರ್ಷ ಅಂದ್ರೆ ನಾನು ಹೆಚ್ಚು ನಡೆದಷ್ಟೂ ಬೇಗ ಸವೀತದೆ ಅಂತಾಯ್ತಲ್ಲ. ಹಾಗಾದ್ರೆ ಕೂತ್ಕೊಂಡೇ ಇರಬೇಕಾ? ಕೂತ್ಕೊಂಡಿರೋಕೆ ಕೀಲು ಯಾಕೆ ಹಾಕ್ಸ್ಕೋಬೇಕಿತ್ತು?

ಸುರತ್ಕಲ್ ಮೆಕ್
ಸವೆತ ಕ್ಯಾಲೆಂಡರ್ ನೋಡಿ ಆಗಲ್ಲ, ಬಳಕೆ ನೋಡಿ ಆಗತ್ತೆ, ಅದು ನಿಜ. ಭಾರ ಮತ್ತು ಜಾರಿದ ದೂರ, ಇವೆರಡರ ಗುಣಾಕಾರ. ಆದ್ರೆ ಭಾರದ ಕಡೆ ನೋಡಿ. ಬರ್ಲಿನ್‌ನಲ್ಲಿ ಕೀಲಿನ ಒಳಗೇ ಅಳೆಯೋ ಸೆನ್ಸರ್ ಇಟ್ಟು ನೋಡಿದ್ದಾರೆ. ಸುಮ್ನೆ ನಡೆಯುವಾಗ ಕೀಲಿನ ಮೇಲೆ ಮೈತೂಕದ ಎರಡೂವರೆ ಪಟ್ಟು ಹತ್ತಿರ ಬೀಳತ್ತೆ. ಎಡವಿದ್ರೆ ಎಂಟು ಪಟ್ಟು ದಾಟಿದ ದಾಖಲೆ ಇದೆ. ಹಾಗಾಗಿ ಐದು ಕಿಲೋ ಇಳಿಸಿದ್ರೆ ಕೀಲಿಗೆ ಪ್ರತಿ ಹೆಜ್ಜೆಗೂ ಹನ್ನೆರಡು ಕಿಲೋ ಇಳಿಸಿದ ಹಾಗೆ. ನಡೆಯೋದು ಬಿಡಬೇಡಿ, ಅಡಿಕೆ ಮೂಟೆ ಹೊರೋದು ಬಿಡಿ.

ಮೂಳೆ ವಾರ್ಡು
ಒಪ್ತೀನಿ. ನಡೀಲೇಬೇಕು. ನಡೀದೆ ಇದ್ರೆ ಮೂಳೆ ಮತ್ತೆ ಸ್ನಾಯು ಎರಡೂ ಸೊರಗ್ತವೆ, ಬೀಳೋದು ಜಾಸ್ತಿ ಆಗತ್ತೆ. 9 ವರ್ಷದ್ದು ಅಂದ್ರೆ ಬಹುಶಃ ಹೊಸ ಪಾಲಿನೇ ಇರತ್ತೆ. ಆದ್ರೂ ಎರಡು ಮೂರು ವರ್ಷಕ್ಕೊಮ್ಮೆ ಎಕ್ಸ್‌ರೇ.

ಗದಗ ಮಾಸ್ತರು
ನಮ್ಮ ಕಾಕಾಗ ಎರಡೂ ಲೋಹದ್ದು ಹಾಕಿದ್ರು, 2008ರಾಗ. ಗುಂಡೂ ಲೋಹ, ಕಪ್ಪೂ ಲೋಹ. ಆವಾಗ ಹೇಳಿದ್ದು "ಇದು ಪೈಲ್ವಾನ್ರ ಕೀಲು, ಸವಿಯೋ ಮಾತೇ ಇಲ್ಲ" ಅಂತ. ನಾಲ್ಕು ವರ್ಷಕ್ಕ ತೊಡೆಸಂದಿನ್ಯಾಗ ಬಾವು. ರಕ್ತ ಪರೀಕ್ಷಾ ಮಾಡಿದ್ರ ಕೋಬಾಲ್ಟ್ ಏರಿತ್ತು. ಬಿಚ್ಚಿದಾಗ ಒಳಗ ಕರ್ರಗ ಬೂದಿ ಕಲಿಸಿದಂಗ ನೀರು, ಸ್ನಾಯು ಎಲ್ಲಾ ಕೊಳತಿತ್ತಂತ. ಎರಡನೇ ಆಪರೇಷನ್ ಆದಮ್ಯಾಲೆ ಕಾಕಾ ಬಡಿಗಿ ಬಿಟ್ಟು ನಡೀಲಿಲ್ಲ. ದವಾಖಾನಿಯವರು ಫೈಲು ಸಿಗವಲ್ದು ಅಂದ್ರು, ಯಾವ ಕಂಪನಿದು ಅಂತನೂ ನಮಗ ಕಡೀತನಕ ಗೊತ್ತಾಗಲಿಲ್ಲ. ಹಿಂಗಾಗಿ ಯಾರನರ ಕೇಳೋದಕ್ಕೂ ದಾರಿ ಇರಲಿಲ್ಲ. ಲಕ್ಷ್ಮಿಯವರ ಸ್ಟಿಕ್ಕರ್ ಮಾತು ಓದಿ ಹೊಟ್ಟಿ ಉರೀತು.

ಲೀಡ್ಸ್ ಲಕ್ಷ್ಮಿ
ಮಾಸ್ತರೆ, ತುಂಬಾ ನೋವಾಯ್ತು ಓದಿ. ಆಮೇಲೆ ಹೇಳ್ತೀನಿ ಅಂದಿದ್ದು ಇದನ್ನೇ.

ಲೋಹ ಲೋಹದ ಮೇಲೆ ಉಜ್ಜಿದ್ರೆ ತೂಕದ ಲೆಕ್ಕದಲ್ಲಿ ಸವೆತ ಕಮ್ಮಿನೇ. ಮಷೀನಲ್ಲಿ ಚೆನ್ನಾಗೇ ಕಾಣ್ತು. ಆದ್ರೆ ಕಣಗಳು ನ್ಯಾನೋ ಗಾತ್ರ, ಸಂಖ್ಯೆಲಿ ಪ್ಲಾಸ್ಟಿಕ್‌ಗಿಂತ ಎಷ್ಟೋ ಜಾಸ್ತಿ, ಮತ್ತೆ ಕರಗಿ ಕೋಬಾಲ್ಟ್ ಕ್ರೋಮಿಯಂ ಆಗಿ ರಕ್ತಕ್ಕೆ ಸೇರತ್ತೆ. ಕಪ್ ಸ್ವಲ್ಪ ವಾರೆ ಕೂತ್ರೆ ಗುಂಡು ಅಂಚಿಗೆ ಉಜ್ಜಿ ಸವೆತ ಹಲವು ಪಟ್ಟು ಏರತ್ತೆ. ಬ್ರಿಟನ್ನಲ್ಲಿ ರಕ್ತದಲ್ಲಿ ಲೀಟರ್‌ಗೆ 7 ಮೈಕ್ರೊಗ್ರಾಂ ದಾಟಿದ್ರೆ ಹೆಚ್ಚಿನ ಪರೀಕ್ಷೆ ಮಾಡ್ಬೇಕು ಅಂತ ಸೂಚನೆ ಬಂತು.

ಚಿಕ್ಕಪೇಟೆ ವ್ಯಾಪಾರಿ
ಡಿಪ್ಯೂ ಕಂಪನಿಯ ಎಎಸ್‌ಆರ್ ಕೀಲಿನ ಕೇಸು ಅದೇ ಅಲ್ವಾ? ಪೇಪರ್‌ನಲ್ಲಿ ತುಂಬಾ ಬಂದಿತ್ತು.

ಲೀಡ್ಸ್ ಲಕ್ಷ್ಮಿ
ಹೌದು, ಆ ಜಾತಿಯ ಕೀಲುಗಳಲ್ಲಿ ಅದು ದೊಡ್ಡ ಪ್ರಕರಣ. ಆಸ್ಟ್ರೇಲಿಯಾದವರು 1999ರಿಂದ ಹಾಕಿದ ಪ್ರತಿ ಕೀಲನ್ನೂ ರಿಜಿಸ್ಟ್ರಿಲಿ ಬರೀತಾರೆ. 2007ರಲ್ಲೇ ಅವರ ಲೆಕ್ಕದಲ್ಲಿ ಇದು ಬೇಗ ಕೆಡ್ತಿದೆ ಅಂತ ಕಾಣಿಸ್ತು. ಜಗತ್ತಿನಾದ್ಯಂತ ವಾಪಸ್ ತಗೊಂಡಿದ್ದು 2010ರ ಆಗಸ್ಟ್, ಅಷ್ಟರಲ್ಲಿ ಸುಮಾರು 93 ಸಾವಿರ ಹಾಕಿ ಆಗಿತ್ತು. ಭಾರತದಲ್ಲಿ ಸುಮಾರು 4,700 ಆಪರೇಷನ್. 2018ರಲ್ಲಿ ಕೇಂದ್ರ ಸರ್ಕಾರ 30 ಲಕ್ಷದಿಂದ ಸುಮಾರು 1.23 ಕೋಟಿವರೆಗೆ ಪರಿಹಾರದ ಸೂತ್ರ ಒಪ್ಪಿತು. ಆದ್ರೆ ತಮ್ಮೊಳಗಿರೋದು ಅದೇ ಕೀಲು ಅಂತ ತೋರಿಸೋಕೆ ಜನರ ಕೈಲಿ ದಾಖಲೆ ಬೇಕಲ್ಲ. ಸ್ವೀಡನ್ 1979ರಿಂದ ಬರೀತಿದೆ, ಇಲ್ಲಿ 2003ರಿಂದ. ನಮ್ಮಲ್ಲಿ ಸೊಂಟ ಮಂಡಿ ಸರ್ಜನ್ನರ ಸಂಘದ್ದು ಒಂದು ರಿಜಿಸ್ಟ್ರಿ ಇದೆ, ಆದ್ರೆ ಕಡ್ಡಾಯ ಅಲ್ಲ. ಇದು ಕಡ್ಡಾಯ ಆಗ್ಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಮಿಲ್ ಕಾಲೋನಿ
ದಾವಣಗೆರೆಯವರು ಕೇಳಿದಾರೆ ಅಂತ ಒಂದು ವಿಷಯ ಹೇಳ್ಲೇಬೇಕು, ನಾನೂ ಅಲ್ಲಿನವನೇ, ನಮ್ಮಪ್ಪ ಕಾಟನ್ ಮಿಲ್ಲಲ್ಲಿ ಫಿಟ್ಟರ್. ಈ ಪಾಲಿ ಪ್ಲಾಸ್ಟಿಕ್ ಕೀಲಿಗೆ ಬಂದಿದ್ದೇ ಬಟ್ಟೆ ಮಗ್ಗದಿಂದ! ಇಂಗ್ಲೆಂಡಿನ ಲಂಕಾಷೈರ್‌ನಲ್ಲಿ ರೈಟಿಂಗ್ಟನ್ ಆಸ್ಪತ್ರೆ, ಅಲ್ಲಿ ಜಾನ್ ಚಾರ್ನ್ಲಿ ಅನ್ನೋ ಡಾಕ್ಟರು. ಅವರು ಮೊದಲು ನೈಲಾನ್ ಕಪ್ ಹಾಕಿ ಕೈ ಸುಟ್ಕೊಂಡ್ರು. ಆಮೇಲೆ ಮಗ್ಗಕ್ಕೆ ಪ್ಲಾಸ್ಟಿಕ್ ಗೇರ್ ಮಾರೋ ಸೇಲ್ಸ್‌ಮನ್ ಒಬ್ಬ ಈ ಪಾಲಿಎಥಿಲೀನ್ ತುಂಡು ತಂದುಕೊಟ್ಟ.

ಸುರತ್ಕಲ್ ಮೆಕ್
ನೈಲಾನ್ ಅಲ್ಲ, ಟೆಫ್ಲಾನ್. ದೋಸೆ ತವಾ ಮೇಲೆ ಇರತ್ತಲ್ಲ ಅದೇ. ಜಾರತ್ತೆ ಚೆನ್ನಾಗಿ, ಆದ್ರೆ ಸವೆತ ತಡೆಯಲ್ಲ. ಸುಮಾರು 300 ಜನಕ್ಕೆ ಹಾಕಿದ್ರು, ಎರಡು ಮೂರು ವರ್ಷಕ್ಕೆ ಸವೆದು ಒಳಗೆ ಗಡ್ಡೆ ಕಟ್ಟಿ ಒಂದೊಂದಾಗಿ ತೆಗೀಬೇಕಾಯ್ತು. ತೆಗೆಯೋ ಆಪರೇಷನ್‌ಗಳನ್ನ ಅವರೇ ಮಾಡಿದ್ರು.

ಆ ಸೇಲ್ಸ್‌ಮನ್ ತಂದ ತುಂಡನ್ನ ಚಾರ್ನ್ಲಿ ಉಗುರಲ್ಲಿ ಕೆರೆದು ನೋಡಿ ಇದು ಆಗಲ್ಲ ಅಂದ್ರಂತೆ. ಅವರ ವರ್ಕ್‌ಶಾಪಿನ ಹ್ಯಾರಿ ಕ್ರೇವನ್ ಆದ್ರೂ ಇರ್ಲಿ ಅಂತ ಸವೆತದ ಮಷೀನಿಗೆ ಹಾಕಿ ಹಗಲು ರಾತ್ರಿ ಓಡಿಸಿದ್ರು. ಟೆಫ್ಲಾನ್ ಒಂದು ದಿನಕ್ಕೆ ಸವೆಯೋಷ್ಟು ಇದು ಮೂರು ವಾರಕ್ಕೂ ಸವೆದಿರಲಿಲ್ಲ. 1962ರ ನವೆಂಬರ್‌ನಿಂದ ಪೇಷಂಟ್‌ಗಳಿಗೆ ಹಾಕೋಕೆ ಶುರು. ಚಾರ್ನ್ಲಿ ಎರಡೂ ವಸ್ತುಗಳ ಚೂರನ್ನ ತಮ್ಮ ತೊಡೆಗೇ ಸೇರಿಸ್ಕೊಂಡು ಕಾದು ನೋಡಿದ್ರು. ಟೆಫ್ಲಾನ್ ಜಾಗ ಗಂಟಾಯ್ತು, ಪಾಲಿ ಜಾಗ ಹೆಚ್ಚೇನೂ ಆಗ್ಲಿಲ್ಲ. ಈ ಕಥೆ ನೆನೆಸ್ಕೊಂಡಾಗೆಲ್ಲ ನನಗೆ ಕ್ರೇವನ್ ಮೇಲೆ ಗೌರವ ಹೆಚ್ಚು, ದೊಡ್ಡೋರು ಬೇಡ ಅಂದಿದ್ದನ್ನ ಅಳೆದು ತೋರಿಸಿದ್ರು.

ಮಿಲ್ ಕಾಲೋನಿ
ಟೆಫ್ಲಾನ್, ಸರಿ ಸರಿ, ತಪ್ಪಾಯ್ತು. ಮಿಲ್ಲಿನ ಫಿಟ್ಟರ್ ಮಕ್ಳಿಗೆ ಕ್ರೇವನ್ ನಮ್ಮವರೇ ಅನ್ಸತ್ತೆ.

ಉಡುಪಿ ಭಟ್ರು
ಮಾರಾಯ್ರೆ, ಇಷ್ಟೆಲ್ಲ ಹೇಳಿದ್ರಿ, ಸೆರಾಮಿಕ್ ಬಗ್ಗೆ ಯಾರೂ ಹೇಳ್ಲಿಲ್ಲ. ನನ್ನ ಭಾವನಿಗೆ ಎರಡೂ ಸೆರಾಮಿಕ್ ಉಂಟು. ಸವೆತ ಇಲ್ಲ, ಸರಿ. ಆದ್ರೆ ಮೆಟ್ಟಿಲು ಹತ್ತುವಾಗ ಕಿರ್ ಕಿರ್ ಶಬ್ದ ಬರ್ತದೆ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವಾಗ ಜನ ತಿರುಗಿ ನೋಡ್ತಾರೆ ಅಂತ ಅವ್ರಿಗೆ ತುಂಬಾ ಬೇಸರ.

ಮೂಳೆ ವಾರ್ಡು
ಅದು ಗೊತ್ತಿರೋ ತೊಂದರೆನೇ. ಎಲ್ರಿಗೂ ಬರಲ್ಲ. ಗಟ್ಟಿ ವಸ್ತು ಗಟ್ಟಿ ವಸ್ತುವಿಗೆ ಉಜ್ಜೋವಾಗ ಮಧ್ಯೆ ದ್ರವದ ಪೊರೆ ಹರಿದ್ರೆ, ಕಪ್ ಕೋನ ಸರಿ ಇಲ್ದೆ ಅಂಚಿಗೆ ಭಾರ ಬಿದ್ರೆ ಶಬ್ದ ಬರತ್ತೆ.

ಸೆರಾಮಿಕ್ ಕೀಲು 1970ರಲ್ಲಿ ಫ್ರಾನ್ಸ್‌ನ ಪೋ ಊರಿನ ಪಿಯೆರ್ ಬೂತಾಂ ಶುರು ಮಾಡಿದ್ದು, ಅಲ್ಯುಮಿನಾದಲ್ಲಿ. ಸವೆತ ತಡೆಯೋದ್ರಲ್ಲಿ ಅದನ್ನ ಮೀರಿಸೋದು ಇಲ್ಲ. ಅದರ ದೋಷ ಅಂದ್ರೆ ಒಡೆಯೋದು. ಲೋಹ ಸೊಟ್ಟ ಆಗತ್ತೆ, ಪ್ಲಾಸ್ಟಿಕ್ ತಗ್ಗಾಗತ್ತೆ, ಸೆರಾಮಿಕ್ ಎಚ್ಚರಿಕೆ ಕೊಡದೆ ಚೂರಾಗತ್ತೆ. ಜಿರ್ಕೋನಿಯಾ ಗುಂಡುಗಳ ಕೆಲವು ಲಾಟ್‌ಗಳನ್ನ 2001ರಲ್ಲಿ ವಾಪಸ್ ತಗೊಂಡ್ರು, ಸುಡೋ ಕುಲುಮೆ ಬದಲಿಸಿದ್ದೇ ಕಾರಣ. ಈಗ ಬರೋ ಗುಲಾಬಿ ಬಣ್ಣದ ಗುಂಡು, ಅಲ್ಯುಮಿನಾ ಜೊತೆ ಜಿರ್ಕೋನಿಯಾ ಬೆರೆಸಿದ್ದು, ತುಂಬಾ ಗಟ್ಟಿ. ಗುಂಡು ಒಡೆಯೋದು ಲಕ್ಷಕ್ಕೆ ಬೆರಳೆಣಿಕೆ. ಆದ್ರೆ ಲೈನರ್ ಕೂರಿಸುವಾಗ ವಾರೆ ಕೂತ್ರೆ ಅಂಚು ಚಕ್ಕೆ ಏಳಬಹುದು, ಸರ್ಜನ್ ಕೈ ಮುಖ್ಯ. ಒಮ್ಮೆ ಒಡೆದ್ರೆ ಮತ್ತೆ ಲೋಹದ ಗುಂಡು ಹಾಕ್ಬಾರದು. ಉಳಿದ ಚೂರು ಅದನ್ನ ಮರಳು ಕಾಗದದ ಹಾಗೆ ತಿಂದುಬಿಡತ್ತೆ.

ಈಗ ಬೆಣ್ಣೆನಗರಿಯವರ ಪ್ರಶ್ನೆಗೆ. 39ರ ಹುಡುಗನಿಗೆ ನಾನಾದ್ರೆ ಸೆರಾಮಿಕ್ ಗುಂಡು, ಹೊಸ ಪಾಲಿ ಲೈನರ್ ಕಡೆ ವಾಲ್ತೀನಿ. ಸೆರಾಮಿಕ್ ಮೇಲೆ ಗೀರು ಬೀಳಲ್ಲ, ಹಾಗಾಗಿ ಲೈನರ್ ಸವೆಸೋದು ಕಮ್ಮಿ. ರಾಡಿನ ಕುತ್ತಿಗೆಗೆ ಗುಂಡು ಸೇರೋ ಜಾಗದಲ್ಲಿ ಕೋಬಾಲ್ಟ್ ತುಕ್ಕಿನ ಕಾಟನೂ ಕಮ್ಮಿ. ಶಬ್ದ ಇಲ್ಲ.

ಚಿಕ್ಕಪೇಟೆ ವ್ಯಾಪಾರಿ
ಅಂದ್ರೆ ಮಧ್ಯದ ಆಯ್ಕೆ. ನಾನು ದುಬಾರಿದೇ ಒಳ್ಳೇದು ಅಂದ್ಕೊಂಡಿದ್ದೆ. ಎಷ್ಟು ವರ್ಷ ಬರತ್ತೆ ಅಂತ ಒಂದು ಸಂಖ್ಯೆ ಹೇಳಿ ಡಾಕ್ಟ್ರೆ.

ಲೀಡ್ಸ್ ಲಕ್ಷ್ಮಿ
2019ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ರಿಜಿಸ್ಟ್ರಿ ಲೆಕ್ಕ ಇದೆ. 15 ವರ್ಷಕ್ಕೆ 89%, 20 ವರ್ಷಕ್ಕೆ 70%, 25 ವರ್ಷಕ್ಕೆ 58% ಕೀಲು ಇನ್ನೂ ಒಳಗೇ ಇದ್ವು. ಆದ್ರೆ 25 ವರ್ಷ ಆಗಿರೋದು ಅಂದ್ರೆ ಹಳೇ ಪ್ಲಾಸ್ಟಿಕ್ ಕಾಲದ್ದು. ಹೊಸದು ಇನ್ನೂ ಚೆನ್ನಾಗಿರತ್ತೆ ಅನ್ನೋ ನಿರೀಕ್ಷೆ ಇದೆ.

ಸಾಗರದ ಸೀಮೆ
39 ಅಂತ ನೋಡಿ ನಮ್ಮ ಕಡೆ ನೆನಪಾಯ್ತು. ಸಾಗರ ತಾಲೂಕಿನ ಹಂದಿಗೋಡು, 1970ರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆಗೆ ಆ ಊರಿನ ಹೆಸರೇ ಅಂಟಿದೆ. ವಂಶದಲ್ಲಿ ಬರೋದು, ಸಣ್ಣ ವಯಸ್ಸಲ್ಲೇ ಸೊಂಟದ ಕೀಲು ಹಾಳು, ಕೆಲವರು ತೆವಳಿಕೊಂಡೇ ಹೋಗೋ ಸ್ಥಿತಿ. ಬಡ ಕೂಲಿ ಜನ. ಅಂಥವರಿಗೆ ಮೂವತ್ತಕ್ಕೆ ಕೀಲು ಹಾಕಿದ್ರೆ ಅದು ನಲವತ್ತು ವರ್ಷ ಬಾಳಬೇಕು, ಗದ್ದೇಲಿ ಬಗ್ಗಿ ನಾಟಿ ಮಾಡೋಕೂ, ಕೂತು ಕಳೆ ಕೀಳೋಕೂ ಆಗಬೇಕು. ಇಲ್ಲಿ ಎಲ್ರೂ ಯಾವ ಸೆರಾಮಿಕ್ ಅಂತ ಮಾತಾಡ್ತಿದೀರಿ, ತಪ್ಪಲ್ಲ. ಆದ್ರೆ ಮಂಡಿ ಇಂಪ್ಲಾಂಟ್‌ಗೆ 2017ರಲ್ಲಿ ಬೆಲೆ ಮಿತಿ ಹಾಕಿದ ಹಾಗೆ ಸೊಂಟದ್ದಕ್ಕೂ ಹಾಕಬೇಕು ಅಂತ ಯಾರಾದ್ರೂ ಜೋರಾಗಿ ಕೇಳಬೇಕಲ್ವಾ?

ಶಿರಸಿ ತೋಟ
ನೂರಕ್ಕೆ ನೂರು.

ಕೋಲಾರದ ಕುಸುಮ
ಕೂತು ಅಂದಿದ್ದಕ್ಕೆ ನೆನಪಾಯ್ತು, ನಮ್ಮತ್ತೆಗೆ ಇಂಡಿಯನ್ ಟಾಯ್ಲೆಟ್, ಚಕ್ಕಳಮಕ್ಕಳ ಎರಡೂ ಬೇಡ ಅಂದಿದಾರೆ. ನೆಂಟರ ಮನೆ ಮದುವೇಲಿ ಪಂಕ್ತಿಲಿ ಕೂರೋಕಾಗ್ದೆ ಅವರಿಗೆ ಕಣ್ಣಲ್ಲಿ ನೀರು. ಪಕ್ಕದ್ಮನೆಯವರು ಸೆರಾಮಿಕ್ ಹಾಕಿದ್ರೆ ಕೂರಬಹುದಿತ್ತು ಅಂತಾರೆ, ನಿಜಾನಾ?

ಮೂಳೆ ವಾರ್ಡು
ಕೂರೋದಕ್ಕೂ ವಸ್ತುವಿಗೂ ನೇರ ಸಂಬಂಧ ಇಲ್ಲಮ್ಮ. ಗುಂಡಿನ ಗಾತ್ರ, ಕಪ್ ಕೂತ ಕೋನ, ಸ್ನಾಯು ಬಿಗಿ, ಇವು ಲೆಕ್ಕಕ್ಕೆ ಬರೋದು. ತುಂಬಾ ಮಡಚಿದ್ರೆ ರಾಡಿನ ಕುತ್ತಿಗೆ ಲೈನರ್ ಅಂಚಿಗೆ ಬಡಿದು ಗುಂಡು ಹೊರಗೆ ಜಾರಬಹುದು. ಬಡಿದು ಬಡಿದು ಪಾಲಿ ಅಂಚು ಸೀಳತ್ತೆ, ಸೆರಾಮಿಕ್ ಆದ್ರೆ ಚಕ್ಕೆ ಏಳತ್ತೆ. ಹಳೇ ಪಾಲಿಗೆ ದೊಡ್ಡ ಗುಂಡು ಹಾಕಿದ್ರೆ ಸವೆತದ ಪುಡಿ ಹೆಚ್ಚಾಗ್ತಿತ್ತು, ಅದಕ್ಕೆ 28 ಮಿ.ಮೀ.ನಲ್ಲೇ ನಿಲ್ತಿದ್ವಿ. ಹೊಸ ಪಾಲಿ ಬಂದ ಮೇಲೆ 32, 36 ಧೈರ್ಯವಾಗಿ ಹಾಕ್ತೀವಿ, ಜಾರೋದು ಕಮ್ಮಿ. ನಿಮ್ಮತ್ತೆ ಕೂರಬಹುದಾ ಅಂತ ಅವರ ಸರ್ಜನ್ನೇ ಹೇಳಬೇಕು.

ಹಾಸನದ ಹಿರಿಯ
ನಮ್ಮ ಮನೆಯವಳು ತೀರಿಕೊಂಡು ಮೂರು ವರ್ಷ. ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಡೋಕೆ ಹೊರಟಾಗ ಬೂದಿಯಲ್ಲಿ ಆ ರಾಡು, ಗುಂಡು ಹಾಗೇ ಇತ್ತು. ಬೆಂಕಿಯಲ್ಲೂ ಏನೂ ಆಗಿರಲಿಲ್ಲ. ಪುರೋಹಿತರು ಅದನ್ನ ನೀರಿಗೆ ಬಿಡಬೇಡಿ ಅಂದ್ರು. ಹನ್ನೊಂದು ವರ್ಷ ಅವಳನ್ನ ನಡೆಸಿದ ವಸ್ತು. ಈಗ್ಲೂ ಬೀರುವಿನಲ್ಲಿಟ್ಟಿದೀನಿ. ಗುಂಡು ಮುಟ್ಟಿದ್ರೆ ಇನ್ನೂ ನುಣುಪಾಗಿದೆ.

ಲೀಡ್ಸ್ ಲಕ್ಷ್ಮಿ
ಅಜ್ಜಾರೆ, ಏನು ಹೇಳ್ಬೇಕು ತಿಳೀಲಿಲ್ಲ. ನಿಮಗೆ ನಮಸ್ಕಾರ.

ಬೆಣ್ಣೆನಗರಿ
ಆರು ದಿನ ಆದ್ಮೇಲೆ ಬರೀತಿದೀನಿ. ಅಪ್ಪಾಜಿ ಬರಲ್ಲ ಅಂತ ಹಠ ಹಿಡಿದಿದ್ರು, ಗೌಡ್ರು ಬರೆದ ಚಕ್ಕಡಿ ಮಾತು ಓದಿ ಹೇಳಿದ ಮೇಲೆ ಎದ್ದು ಶರ್ಟ್ ಹಾಕ್ಕೊಂಡ್ರು.

ಎಕ್ಸ್‌ರೇಲಿ ಗುಂಡು ಮಧ್ಯದಲ್ಲಿಲ್ಲ. ಮೇಲಕ್ಕೆ ಸರಿದಿದೆ, ಲೈನರ್ ಎರಡು ಮಿಲಿಮೀಟರಿಗಿಂತ ಜಾಸ್ತಿ ಸವೆದಿದೆ ಅಂದ್ರು. ಕಪ್ ಹಿಂದೆ ಎರಡು ಕಡೆ ಮೂಳೆ ಪೊಳ್ಳಾಗಿ ಕಪ್ಪಗೆ ಕಾಣ್ತು, ಸಿಟಿ ಸ್ಕ್ಯಾನ್ ಮಾಡಿದ್ರು. ಪುಣ್ಯಕ್ಕೆ ಕಪ್ಪೂ ರಾಡೂ ಇನ್ನೂ ಬಿಗಿಯಾಗಿವೆ. ಡಾಕ್ಟ್ರು ಹೇಳಿದ್ದು: ಈಗ್ಲೇ ಆದ್ರೆ ಲೈನರ್ ಮತ್ತೆ ಗುಂಡು ಮಾತ್ರ ಬದಲಿಸಿ, ಪೊಳ್ಳಿಗೆ ಮೂಳೆ ಪುಡಿ ತುಂಬಬಹುದು. ಇನ್ನೆರಡು ವರ್ಷ ಬಿಟ್ಟಿದ್ರೆ ಕಪ್ ಕಳಚಿ ದೊಡ್ಡ ಆಪರೇಷನ್ ಆಗ್ತಿತ್ತು. ಅಪ್ಪಾಜಿ ಅಲ್ಲೇ ಮೇಜಿನ ಮುಂದೆ "ನೋವೇ ಇಲ್ವಲ್ಲ ಡಾಕ್ಟ್ರೆ" ಅಂದ್ರು. ನನಗೆ ಮಾತೇ ಹೊರಡಲಿಲ್ಲ. 20 ವರ್ಷ ನಾನೂ ಅದೇ ಹೇಳ್ಕೊಂಡು ಸುಮ್ನಿದ್ದೆ.

ತಮ್ಮನಿಗೆ ಸೆರಾಮಿಕ್ ಗುಂಡು, ಹೊಸ ಪಾಲಿ ಅಂತ ಮಾತಾಗಿದೆ. ಒಂದು ಪ್ರಶ್ನೆ ಉಳಿದಿದೆ, ಅಪ್ಪಾಜಿ ಕಪ್‌ಗೆ ಕೂರೋ ಲೈನರ್ ಈಗ ಸಿಗತ್ತಾ?

ಮೂಳೆ ವಾರ್ಡು
ಅದಕ್ಕೇ ಸ್ಟಿಕ್ಕರ್ ಬೇಕು. ಒಂದು ಕಂಪನಿಯ ಲೈನರ್ ಇನ್ನೊಂದರ ಕಪ್‌ಗೆ ಲಾಕ್ ಆಗಲ್ಲ. ಆ ಮಾಡೆಲ್ ನಿಂತಿದ್ರೆ ಸಿಮೆಂಟ್ ಹಾಕಿ ಬೇರೆ ಲೈನರ್ ಕೂರಿಸೋ ದಾರಿ ಇದೆ, ಆದ್ರೆ ಸರಿಯಾದದ್ದು ಸಿಕ್ರೆ ಒಳ್ಳೇದು. ಆಪರೇಷನ್ ಆದ್ಮೇಲೆ ಮೊದಲ ಮೂರು ತಿಂಗಳು ಗುಂಡು ಜಾರದ ಹಾಗೆ ಹುಷಾರು, ಲೈನರ್ ಬದಲಿಸಿದವರಲ್ಲಿ ಅದು ಜಾಸ್ತಿ.

ಗದಗ ಮಾಸ್ತರು
ಹುಡುಕ್ರಿ ಸರ್. ಅಟ್ಟದ ಮ್ಯಾಲಿನ ಟ್ರಂಕ್ ಸುದ್ದಾ ಬಿಡಬ್ಯಾಡ್ರಿ.

ಬೆಣ್ಣೆನಗರಿ
ಸಿಕ್ತು ಮಾಸ್ತರೆ!! ಅಮ್ಮ ರೇಷನ್ ಕಾರ್ಡ್ ಇಡೋ ತಗಡಿನ ಡಬ್ಬಿಲಿ, ಡಿಸ್ಚಾರ್ಜ್ ಕಾಗದದ ಹಿಂದೆ ನಾಲ್ಕೂ ಸ್ಟಿಕ್ಕರ್ ಅಂಟಿಸಿದೆ. ಮೂರರಲ್ಲಿ ಅಕ್ಷರ ಸ್ಪಷ್ಟ ಇದೆ, ಲೈನರ್‌ದು ಸ್ವಲ್ಪ ಮಾಸಿದೆ, ಲಾಟ್ ನಂಬರ್ ಓದಬಹುದು. ಫೋಟೋ ತೆಗೆದು ಡಾಕ್ಟ್ರಿಗೆ ಈಗ್ಲೇ ಕಳಿಸ್ತಿದೀನಿ.